ಮೊಳೆಗೆ ತೂಗುವ ಏಪ್ರನ್ ಯಾರದು?

ಫಾರ್ಮಸಿ ಕಾಲೇಜಿಗೆ ಸೇರಿದ ಮೊದಲ ವಾರ ಎಲ್ಲರೂ ಕೊಳ್ಳುವುದು ಪುಸ್ತಕವನ್ನಲ್ಲ, ಏಪ್ರನ್ನನ್ನು. ಎಂಬಿಬಿಎಸ್‌ನವರು, ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನವರು ತೊಡುವ ಅದೇ ಮೊಣಕಾಲುದ್ದದ ಬಿಳಿ ಕೋಟು. ನಾವು ವಿದ್ಯಾರ್ಥಿಗಳು ಅದನ್ನು ಕೋಟು ಅನ್ನುವುದಿಲ್ಲ, ಏಪ್ರನ್ ಅಂತಲೇ ಕರೆಯುವುದು. ಅದಿಲ್ಲದೆ ಹೋದರೆ ಲ್ಯಾಬಿನ ಬಾಗಿಲಲ್ಲೇ ಅಟೆಂಡರ್ ತಡೆದು ನಿಲ್ಲಿಸುತ್ತಾರೆ. ಎರಡು ವರ್ಷದ ಡಿ.ಫಾರ್ಮಾ ಮುಗಿಯುವ ಹೊತ್ತಿಗೆ ಅದರ ಮೇಲೆ ಅಯೋಡಿನ್ನಿನ ಕಂದು ಕಲೆ, ಜೆನ್ಷಿಯನ್ ವಯೊಲೆಟ್‌ನ ನೇರಳೆ ಕಲೆ, ಮುಲಾಮು ಅರೆಯುವಾಗ ಹತ್ತಿದ ಜಿಡ್ಡು ಎಲ್ಲ ಸೇರಿ ಅದೂ ಒಂದು ಪ್ರಾಕ್ಟಿಕಲ್ ರೆಕಾರ್ಡ್ ಆಗಿರುತ್ತದೆ. ಬೀಳ್ಕೊಡುಗೆಯ ದಿನ ಗೆಳತಿಯರೆಲ್ಲ ಅದರ ಬೆನ್ನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಸಹಿ ಹಾಕುತ್ತಾರೆ. ಅಲ್ಲಿಗೆ ಏಪ್ರನ್ ಟ್ರಂಕಿನ ತಳ ಸೇರುತ್ತದೆ.

ತಮಾಷೆಯೆಂದರೆ, ಅದನ್ನು ನಿಜಕ್ಕೂ ತೊಡಬೇಕಾದ ಕೆಲಸ ಶುರುವಾಗುವುದೇ ಆಮೇಲೆ.

ನಿಮ್ಮ ಬೀದಿಯ ಮೆಡಿಕಲ್ ಶಾಪನ್ನು ಒಮ್ಮೆ ನೆನಪಿಸಿಕೊಳ್ಳಿ. ಕೌಂಟರಿನ ಹಿಂದೆ ಮೂವರಿದ್ದಾರೆ ಅಂದುಕೊಳ್ಳಿ. ಒಬ್ಬ ಟೀ ಶರ್ಟ್ ತೊಟ್ಟ ಹುಡುಗ ಏಣಿ ಹತ್ತಿ ಮೇಲಿನ ಗೂಡಿನಿಂದ ಸಿರಪ್ ಇಳಿಸುತ್ತಿದ್ದಾನೆ. ಇನ್ನೊಬ್ಬರು ಕಂಪ್ಯೂಟರಿನಲ್ಲಿ ಬಿಲ್ ಹೊಡೆಯುತ್ತಿದ್ದಾರೆ. ಮತ್ತೊಬ್ಬರು ಗಲ್ಲಾಪೆಟ್ಟಿಗೆ ಮುಂದೆ ಕೂತು ಫೋನಿನಲ್ಲಿ ಸ್ಟಾಕ್ ಹೇಳುತ್ತಿದ್ದಾರೆ. ಇವರಲ್ಲಿ ಫಾರ್ಮಸಿಸ್ಟ್ ಯಾರು? ನೀವು ಹತ್ತು ವರ್ಷದಿಂದ ಅದೇ ಅಂಗಡಿಗೆ ಹೋಗುತ್ತಿದ್ದರೂ ಉತ್ತರ ಹೇಳುವುದು ಕಷ್ಟ. ಗೋಡೆಯ ಮೇಲೆ ಲೈಸೆನ್ಸಿನ ಪಕ್ಕ ಚೌಕಟ್ಟು ಹಾಕಿದ ಒಂದು ನೋಂದಣಿ ಪ್ರಮಾಣಪತ್ರ ಇರುತ್ತದೆ. ಅದರಲ್ಲಿರುವ ಫೋಟೊದ ಮುಖವೂ ಎದುರಿಗಿರುವ ಮೂವರ ಮುಖವೂ ಹೊಂದದೇ ಇದ್ದರೆ ಆಶ್ಚರ್ಯಪಡಬೇಡಿ.

ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ, ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಎರಡೂವರೆ ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಫಾರ್ಮಸಿ ಓದುತ್ತಿರುವವರಿಗೆ, ಓದಿ ಕೆಲಸ ಹುಡುಕುತ್ತಿರುವವರಿಗೆ ನಾನು ಹೇಳಬೇಕು ಅಂದುಕೊಂಡಿರುವುದು ಬಟ್ಟೆಯ ವಿಷಯ. ಕೇಳುವುದಕ್ಕೆ ಸಣ್ಣದು. ಆದರೆ ನಮ್ಮ ಸಂಬಳ, ನಮ್ಮ ಮರ್ಯಾದೆ, ಔಷಧ ಕೊಳ್ಳಲು ಬಂದವರ ಆರೋಗ್ಯ ಮೂರೂ ಅದಕ್ಕೆ ತಗುಲಿಕೊಂಡಿವೆ.

ಕಾನೂನು ಏನನ್ನುತ್ತದೆ?

ಬಿಳಿ ಕೋಟು ಕಾಲೇಜಿನವರು ಹುಟ್ಟುಹಾಕಿದ ಶಿಸ್ತು ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಔಷಧ ಮಾರಾಟಕ್ಕೆ ನಮ್ಮ ದೇಶದಲ್ಲಿ ಆಧಾರವಾಗಿರುವುದು 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ, ಅದರಡಿ ಬಂದ 1945ರ ನಿಯಮಗಳು. ಆ ನಿಯಮಗಳಲ್ಲಿ ಶೆಡ್ಯೂಲ್ ಎನ್ ಅಂತ ಒಂದು ಪಟ್ಟಿ ಇದೆ. ಔಷಧ ಬೆರೆಸಿ ಕೊಡುವ 'ಫಾರ್ಮಸಿ'ಯಲ್ಲಿ ಎಷ್ಟು ಜಾಗ ಇರಬೇಕು, ಯಾವ ತಕ್ಕಡಿ, ಯಾವ ಅಳತೆ ಪಾತ್ರೆ ಇರಬೇಕು ಎಂದೆಲ್ಲ ಹೇಳುವ ಪಟ್ಟಿ ಅದು. ಅದರಲ್ಲೇ, ಅಂಗಡಿ ಸದಾ ನೋಂದಾಯಿತ ಫಾರ್ಮಸಿಸ್ಟ್ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ನಡೆಯಬೇಕು, ಅವರ ಹೆಸರು ಎದ್ದು ಕಾಣುವಂತೆ ಹಾಕಿರಬೇಕು, ಅವರು ಯಾವಾಗಲೂ ಶುಭ್ರವಾದ ಬಿಳಿ ಮೇಲುಡುಪು ತೊಟ್ಟಿರಬೇಕು ಎಂದಿದೆ.

ಅದಾದ ಮೇಲೆ 2015ರಲ್ಲಿ ಭಾರತೀಯ ಫಾರ್ಮಸಿ ಕೌನ್ಸಿಲ್ 'ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಷನ್ಸ್' ಹೊರಡಿಸಿತು. ಅಲ್ಲಿ ಬಿಳಿ ಕೋಟಿನ ಜೊತೆಗೆ ಇನ್ನೊಂದು ಸೇರಿತು: ಹೆಸರು ಮತ್ತು ನೋಂದಣಿ ಸಂಖ್ಯೆ ಇರುವ ಬ್ಯಾಡ್ಜ್. ನನ್ನ ಪ್ರಕಾರ ಮುಖ್ಯವಾದದ್ದು ಇದು. ಕೋಟನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು, ನಂಬರನ್ನು ಹಾಕಿಕೊಳ್ಳಲಾಗದು. ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಣಿ ಆದಾಗ ಸಿಗುವ ಆ ಸಂಖ್ಯೆ ಒಬ್ಬರಿಗೆ ಒಂದೇ.

ಮೊಳೆ ಮತ್ತು ಏಪ್ರನ್

ಹಾಗಿದ್ದರೆ ಏಪ್ರನ್ ಯಾಕೆ ಕಾಣುವುದಿಲ್ಲ? ಕಾಣುತ್ತದೆ, ಆದರೆ ಮೈಮೇಲಲ್ಲ. ಎಷ್ಟೋ ಅಂಗಡಿಗಳಲ್ಲಿ ಫ್ರಿಜ್ ಪಕ್ಕದ ಮೊಳೆಗೆ ಒಂದು ಬಿಳಿ ಏಪ್ರನ್ ತೂಗುತ್ತಿರುತ್ತದೆ. ಹೆಗಲ ಮೇಲೆ ದೂಳು ಕೂತು ಗೆರೆ ಮೂಡಿರುತ್ತದೆ. ಡ್ರಗ್ಸ್ ಇನ್‌ಸ್ಪೆಕ್ಟರ್ ಪಕ್ಕದ ಬೀದಿಗೆ ಬಂದಿದ್ದಾರಂತೆ ಎಂದು ಫೋನ್ ಬಂದರೆ ಆ ಹೊತ್ತಿಗೆ ಕೈಗೆ ಸಿಕ್ಕವರು ಅದನ್ನು ಹಾಕಿಕೊಳ್ಳುತ್ತಾರೆ. ಡಿ.ಫಾರ್ಮಾ ತರಬೇತಿಗಾಗಿ ಐನೂರು ಗಂಟೆ ಔಷಧ ಕೊಡುವ ಜಾಗದಲ್ಲಿ ನಿಂತು ಕಲಿಯಬೇಕಲ್ಲ, ಆಗ ನಾನಿದ್ದ ಅಂಗಡಿಯಲ್ಲೂ ಹೀಗೇ ಇತ್ತು. ಅಲ್ಲಿನ ಮೊಳೆಯ ಏಪ್ರನ್ ಎಕ್ಸ್‌ಎಲ್ ಸೈಜಿನದು. ಸಣಕಲು ಹುಡುಗನೂ ಅದರೊಳಗೆ, ದಪ್ಪನೆಯ ಮಾಲೀಕರೂ ಅದರೊಳಗೆ.

ತೊಡದೇ ಇರುವುದಕ್ಕೆ ಕಾರಣಗಳಿಲ್ಲವೆಂದಲ್ಲ. ಚಿಲ್ಲರೆ ಔಷಧ ಅಂಗಡಿಗೆ ಕಾನೂನು ಕೇಳುವ ಕನಿಷ್ಠ ಜಾಗ ಹತ್ತು ಚದರ ಮೀಟರ್. ಅಷ್ಟರಲ್ಲಿ ಕಪಾಟು, ಫ್ರಿಜ್, ಕಂಪ್ಯೂಟರ್, ಮೂವರು ಮನುಷ್ಯರು. ಏಪ್ರಿಲ್ ತಿಂಗಳಲ್ಲಿ ಕರೆಂಟ್ ಹೋದರೆ ಚೂಡಿದಾರದ ಮೇಲೆ ಪಾಲಿಯೆಸ್ಟರ್ ಏಪ್ರನ್ ತೊಟ್ಟು ನಿಲ್ಲುವುದು ಬೇಯುವ ಹಾಗೆ ಆಗುತ್ತದೆ. ರಟ್ಟಿನ ಪೆಟ್ಟಿಗೆ ಒಡೆಯುವಾಗ, ಏಣಿ ಹತ್ತುವಾಗ ಉದ್ದನೆಯ ಅಂಚು ಕಾಲಿಗೆ ಸಿಕ್ಕುತ್ತದೆ. ದಿನವೂ ಒಗೆಯಬೇಕು. ಮನೆಯಲ್ಲಿ ಅಮ್ಮನೂ ಅಂದರು, "ಬಿಳಿ ಬಟ್ಟೆ ಒಗೆಯೋದು ನಿಂಗೆ ಗೊತ್ತಿಲ್ಲ, ಕೊನೆಗೆ ನನ್ ತಲೆಗೇ ಬರುತ್ತೆ."

ನಮ್ಮ ಮಾಲೀಕರ ಆಕ್ಷೇಪ ಬೇರೆ ಥರದ್ದು. ನಾನು ಏಪ್ರನ್ ತೊಡುತ್ತೇನೆ ಅಂದಾಗ ಅವರು ನಕ್ಕು, "ಹಾಕ್ಕೊಳಮ್ಮ, ಆದ್ರೆ ಜನ ನಿನ್ನ ಡಾಕ್ಟ್ರು ಅಂದ್ಕೊಂಡು ನಾಡಿ ಹಿಡಿ ಅಂದ್ರೆ ಏನ್ಮಾಡ್ತೀಯ?" ಅಂದರು. ಆ ಮಾತಿನಲ್ಲಿ ಎಷ್ಟು ನಿಜ ಇತ್ತೆಂದು ಒಂದೇ ವಾರದಲ್ಲಿ ಗೊತ್ತಾಯಿತು.

ಕೋಟು ತೊಟ್ಟ ಮೇಲೆ

ಅದಕ್ಕೂ ಮುಂಚೆ ನಾನು ಜನರ ಬಾಯಲ್ಲಿ 'ಮಾತ್ರೆ ಕೊಡೋ ಹುಡುಗಿ'. ಚೀಟಿ ಚಾಚುತ್ತಿದ್ದರು, ಕವರ್ ತೆಗೆದುಕೊಂಡು ಹೋಗುತ್ತಿದ್ದರು. "ಊಟಕ್ಕೆ ಮುಂಚೆ ತಗೊಳ್ಳಿ" ಅಂತ ನಾನು ಹೇಳಿದರೆ ಪಕ್ಕದಲ್ಲಿದ್ದ ಮಾಲೀಕರ ಮುಖ ನೋಡಿ "ಹೌದಾ ಸ್ವಾಮಿ?" ಅನ್ನುತ್ತಿದ್ದರು. ಮಾಲೀಕರು ಬಿ.ಕಾಂ. ಓದಿದವರು.

ಏಪ್ರನ್ ತೊಟ್ಟು, ಹೆಸರು, 'ನೋಂದಾಯಿತ ಫಾರ್ಮಸಿಸ್ಟ್' ಎಂಬ ಪದ, ನೋಂದಣಿ ಸಂಖ್ಯೆ ಮೂರನ್ನೂ ಕನ್ನಡದಲ್ಲಿ ಬರೆಸಿದ ಬ್ಯಾಡ್ಜ್ ಚುಚ್ಚಿಕೊಂಡ ಮೇಲೆ ಜನ ಪ್ರಶ್ನೆ ಕೇಳಲು ಶುರು ಮಾಡಿದರು. ಮೊದಲು ಬಂದವು ಹೆಂಗಸರ ಪ್ರಶ್ನೆಗಳು. ಅಂಗಡಿ ಖಾಲಿಯಾಗುವವರೆಗೂ ಬದಿಯಲ್ಲಿ ನಿಂತಿದ್ದು, ಆಮೇಲೆ ಹತ್ತಿರ ಬಂದು ಪಿಸುದನಿಯಲ್ಲಿ ಕೇಳುವ ಪ್ರಶ್ನೆಗಳು. ಮುಟ್ಟು ಮುಂದೂಡುವ ಮಾತ್ರೆ ಮತ್ತೆ ಮತ್ತೆ ತಗೊಂಡರೆ ಏನಾಗುತ್ತದೆ, ಮಗುವಿಗೆ ಹಾಲು ಕುಡಿಸುವಾಗ ನೆಗಡಿ ಮಾತ್ರೆ ನುಂಗಬಹುದೇ ಇಂಥವು. ಇವೆಲ್ಲ ಮೊದಲೂ ಅವರ ಮನಸ್ಸಿನಲ್ಲಿದ್ದವು. ಕೇಳಬಹುದಾದವರು ಯಾರು ಎಂದು ಗೊತ್ತಿರಲಿಲ್ಲ ಅಷ್ಟೆ.

ಒಂದು ಸಂಜೆ ಒಬ್ಬ ಅಜ್ಜಿ ಬಂದರು. ಬಿ.ಪಿ. ಮಾತ್ರೆ ಬೇಕಿತ್ತು. ಸೆರಗಿನ ಗಂಟು ಬಿಚ್ಚಿ ಎರಡು ಖಾಲಿ ಸ್ಟ್ರಿಪ್ ಕೌಂಟರಿನ ಮೇಲಿಟ್ಟರು. ಒಂದು ಊರಿನ ಡಾಕ್ಟರು ಬರೆದದ್ದು, ಇನ್ನೊಂದು ಮಗಳ ಮನೆಗೆ ಹೋದಾಗ ಅಲ್ಲಿನ ಡಾಕ್ಟರು ಬರೆದದ್ದು. ಎರಡರ ಹೆಸರೂ ಬೇರೆ, ಬಣ್ಣವೂ ಬೇರೆ. "ನೀವೇ ಅಲ್ವಾ ತಾಯಿ ಇಲ್ಲಿ ಓದ್ಕೊಂಡಿರೋರು? ಎದ್ದು ನಿಂತ್ರೆ ಕಣ್ ಕತ್ಲೆ ಬರುತ್ತೆ, ಇನ್ನೊಂದು ಮಾತ್ರೆ ಬೇಕೇನೋ ನೋಡಿ" ಅಂದರು. ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿದೆ. ಒಂದರಲ್ಲಿ ಟೆಲ್ಮಿಸಾರ್ಟಾನ್. ಇನ್ನೊಂದರಲ್ಲಿ ಅದೇ ಟೆಲ್ಮಿಸಾರ್ಟಾನ್, ಜೊತೆಗೆ ಆಮ್ಲೋಡಿಪಿನ್. ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗುತ್ತಿದ್ದರು. ಒಂದೇ ಔಷಧ ದಿನಕ್ಕೆರಡು ಸಲ ಒಳಗೆ ಹೋಗುತ್ತಿತ್ತು. ಚೀಟಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿ ಡಾಕ್ಟರಿಗೆ ಹೇಳಿದೆ. ಅವರು ಒಂದನ್ನು ನಿಲ್ಲಿಸಲು ಹೇಳಿ, ಮರುದಿನವೇ ಅಜ್ಜಿಯನ್ನು ಕಳಿಸಿಕೊಡಲು ತಿಳಿಸಿದರು.

ಇದರಲ್ಲಿ ನನ್ನ ಜಾಣತನವೇನೂ ಇಲ್ಲ. ಸ್ಟ್ರಿಪ್ಪಿನ ಹಿಂಬದಿ ಓದುವುದು ಡಿ.ಫಾರ್ಮಾದ ಮೊದಲ ಪಾಠ. ಆದರೆ ಅಜ್ಜಿ ಆ ಎರಡು ಸ್ಟ್ರಿಪ್ಪನ್ನು ಒಟ್ಟಿಗೆ ಯಾರ ಮುಂದಾದರೂ ಇಡಬೇಕಿತ್ತಲ್ಲ! ಬಿಳಿ ಕೋಟು ನೋಡಿ ಇಟ್ಟರು. ಎರಡು ಚೀಟಿ ಬರೆದ ಇಬ್ಬರು ಡಾಕ್ಟರಿಗೂ ಇನ್ನೊಂದು ಚೀಟಿ ಕಂಡಿರಲಿಲ್ಲ. ಎರಡೂ ಒಟ್ಟಿಗೆ ಬಂದು ಸೇರುವ ಜಾಗ ಎಂದರೆ ಮೆಡಿಕಲ್ ಶಾಪ್.

ಮಾಲೀಕರು ಹೇಳಿದ ಅಪಾಯವೂ ಎದುರಾಯಿತು. "ಡಾಕ್ಟ್ರಮ್ಮ, ಮೂರು ದಿನದಿಂದ ಜ್ವರ, ಒಂದು ಒಳ್ಳೆ ಆಂಟಿಬಯೋಟಿಕ್ ಕೊಡಿ" ಅಂತ ಕೇಳುವವರು ಹೆಚ್ಚಾದರು. "ಸೂಜಿ ಹಾಕ್ತೀರಾ?" ಅಂತ ಕೇಳಿದವರೂ ಇದ್ದಾರೆ. ನನ್ನ ಉತ್ತರ ಒಂದೇ: "ನಾನು ಡಾಕ್ಟರ್ ಅಲ್ಲ ಅಣ್ಣ, ಫಾರ್ಮಸಿಸ್ಟ್. ಚೀಟಿ ತನ್ನಿ, ಕೊಡ್ತೀನಿ. ಹೇಗೆ ತಗೋಬೇಕು ಅಂತಾನೂ ಹೇಳ್ತೀನಿ." ಕೆಲವರು ಮುನಿಸಿಕೊಂಡು ಎದುರಿನ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಸಿಗುತ್ತದೆ ಅಂತಲೂ ಗೊತ್ತು. ಆದರೂ ಶೆಡ್ಯೂಲ್ ಎಚ್1ಕ್ಕೆ ಸೇರಿದ ಔಷಧ ಕೊಟ್ಟಾಗಲೆಲ್ಲ ರೋಗಿಯ ಹೆಸರು, ಬರೆದ ವೈದ್ಯರ ಹೆಸರು, ಕೊಟ್ಟ ಪ್ರಮಾಣವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಎದೆಯ ಮೇಲೆ ಹೆಸರು ಅಂಟಿಸಿಕೊಂಡು ನಿಂತವಳಿಗೆ ಆ ರಿಜಿಸ್ಟರನ್ನು ಖಾಲಿ ಬಿಡಲು ಕೈ ಬರುವುದಿಲ್ಲ. ಬ್ಯಾಡ್ಜ್ ಗ್ರಾಹಕರಿಗೆ ನನ್ನನ್ನು ತೋರಿಸುತ್ತದೆ, ಜೊತೆಗೆ ನನ್ನನ್ನೂ ಕಾಯುತ್ತದೆ.

ಬಾಡಿಗೆಗೆ ಹೋಗುವ ಹೆಸರು

ಈಗ ಕೆಲಸ ಹುಡುಕುತ್ತಿರುವವರಿಗೆ ಹೇಳಲೇಬೇಕಾದ ಮಾತು. ನೋಂದಣಿ ಆದ ತಿಂಗಳೊಳಗೆ ನನಗೊಂದು ಫೋನ್ ಬಂದಿತ್ತು. "ನೀವು ಬರೋದೇನೂ ಬೇಡ ಮೇಡಂ, ಸರ್ಟಿಫಿಕೇಟ್ ಕೊಟ್ಟರೆ ಸಾಕು. ತಿಂಗಳಿಗೆ ನಾಲ್ಕು ಸಾವಿರ ಅಕೌಂಟಿಗೆ ಬರುತ್ತೆ. ನೀವು ಬೇರೆ ಕೆಲಸ ನೋಡ್ಕೋಬಹುದು." ಫಾರ್ಮಸಿ ಓದಿದವರಲ್ಲಿ ಇಂಥ ಕರೆ ಬಾರದವರು ಕಡಿಮೆ. ಒಪ್ಪಿಕೊಂಡವರನ್ನು ಕೆಟ್ಟವರು ಅನ್ನಲು ನನಗೆ ಮನಸ್ಸಿಲ್ಲ. ಮನೆಯಲ್ಲಿ ಸಾಲ ಇರುತ್ತದೆ, ಬೆಂಗಳೂರಿನಲ್ಲಿ ಬೇರೆ ಕೆಲಸ ಸಿಕ್ಕಿರುತ್ತದೆ, ಮದುವೆಯಾಗಿ ಮಗು ಆಗಿರುತ್ತದೆ. ಸುಮ್ಮನೆ ಬರುವ ದುಡ್ಡು ಯಾಕೆ ಬೇಡ ಅನ್ನಿಸುತ್ತದೆ.

ಆದರೆ ಲೆಕ್ಕ ಹಾಕಿ ನೋಡಿ. ಗೋಡೆಯ ಮೇಲಿನ ಕಾಗದ ನಾಲ್ಕು ಸಾವಿರಕ್ಕೆ ಸಿಗುವುದಾದರೆ, ದಿನಕ್ಕೆ ಒಂಬತ್ತು ಗಂಟೆ ನಿಲ್ಲುವ ಫಾರ್ಮಸಿಸ್ಟ್‌ಗೆ ಅಂಗಡಿಯವರು ಅದರ ನಾಲ್ಕೈದು ಪಟ್ಟು ಯಾಕೆ ಕೊಡುತ್ತಾರೆ? ನಾವು ಸಂಬಳ ಕಡಿಮೆ ಅಂತ ಗೊಣಗುತ್ತೇವೆ. ಆ ಸಂಬಳವನ್ನು ಇಳಿಸುತ್ತಿರುವುದರಲ್ಲಿ ನಮ್ಮವರದೇ ಬಾಡಿಗೆ ಸರ್ಟಿಫಿಕೇಟುಗಳ ಪಾಲು ದೊಡ್ಡದು. ಮೊಳೆಗೆ ತೂಗುವ ಪ್ರತಿಯೊಂದು ಖಾಲಿ ಏಪ್ರನ್ ಎಂದರೆ ಒಬ್ಬ ಫಾರ್ಮಸಿಸ್ಟ್‌ಗೆ ಸಿಗದೇ ಹೋದ ಒಂದು ಕೆಲಸ.

ಇನ್ನು ಕಾನೂನು. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ವೈದ್ಯರ ಚೀಟಿಗೆ ಔಷಧ ಕೊಡುವ ಅಧಿಕಾರ ಇರುವುದು ನೋಂದಾಯಿತ ಫಾರ್ಮಸಿಸ್ಟ್‌ಗೆ. ಮೀರಿದರೆ ಜೈಲು, ದಂಡ ಎರಡಕ್ಕೂ ಅವಕಾಶ ಇದೆ. ನೀವು ಮಂಗಳೂರಿನಲ್ಲಿ ಕೂತಿದ್ದಾಗ ಕಲಬುರಗಿಯ ಅಂಗಡಿಯಲ್ಲಿ ಯಾರೋ ಹುಡುಗ ಸಕ್ಕರೆ ಕಾಯಿಲೆಯ ಮಾತ್ರೆ ಬದಲು ಹೆಸರು ಹೋಲುವ ಇನ್ನೇನನ್ನೋ ಕೊಟ್ಟರೆ, ಗೋಡೆಯ ಮೇಲೆ ಸಿಗುವುದು ನಿಮ್ಮ ಫೋಟೊ. ಪೊಲೀಸರು ಮೊದಲು ಕೇಳುವುದು ಆ ಹೆಸರಿನವರು ಎಲ್ಲಿ ಎಂದು. ಎರಡು ವರ್ಷ ಓದಿ ಸಂಪಾದಿಸಿದ ನಂಬರು ಅದು. ಬಾಡಿಗೆಗೆ ಬಿಡಲು ಮನೆಯಲ್ಲ.

ಬಿಳಿಯೇ ಆಗಬೇಕೆ?

ಬಿಳಿ ಬಣ್ಣಕ್ಕೆ ದೈವತ್ವ ಇದೆ ಅಂತ ನಾನು ಹೇಳುತ್ತಿಲ್ಲ. ಬಿಳಿ ಕೋಟಿನ ಬಗ್ಗೆ ವೈದ್ಯರಲ್ಲೇ ತಕರಾರಿದೆ. ಇಂಗ್ಲೆಂಡಿನಲ್ಲಿ 2007ರಲ್ಲಿ ಬಂದ ಸರ್ಕಾರಿ ಮಾರ್ಗಸೂಚಿ ಆಸ್ಪತ್ರೆಗಳಲ್ಲಿ ಮೊಣಕೈಯಿಂದ ಕೆಳಗೆ ತೋಳು, ವಾಚು, ಬಳೆ ಏನೂ ಇರಬಾರದು ಎಂದಿತು. ಉದ್ದ ತೋಳಿನ ಕೋಟುಗಳ ಅಂಚಿನಲ್ಲಿ ರೋಗಾಣು ಕೂತು ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತವೆ ಎಂಬುದು ಚಿಂತೆ. 2015ರಲ್ಲಿ ನಮ್ಮ ಮಂಗಳೂರಿನ ಯುವ ವೈದ್ಯರೊಬ್ಬರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ, ಭಾರತದಂಥ ಬಿಸಿ ದೇಶದಲ್ಲಿ ವೈದ್ಯರು, ವಿದ್ಯಾರ್ಥಿಗಳು ಬಿಳಿ ಕೋಟನ್ನೇ ಬಿಡಬೇಕು ಎಂದು ಬರೆದು ಚರ್ಚೆ ಎಬ್ಬಿಸಿದ್ದರು. ಏಪ್ರನ್ ತೊಟ್ಟೇ ಬಸ್ ಹತ್ತುವ, ಕ್ಯಾಂಟೀನಿನಲ್ಲಿ ಇಡ್ಲಿ ತಿನ್ನುವ ನಮ್ಮ ಅಭ್ಯಾಸ ನೋಡಿದರೆ ಆ ಮಾತು ತೆಗೆದುಹಾಕುವಂಥದ್ದಲ್ಲ.

ಫ್ರಾನ್ಸ್‌ನಲ್ಲಿ ಔಷಧ ಅಂಗಡಿಯ ಸಿಬ್ಬಂದಿ ತಮ್ಮ ಅರ್ಹತೆ ತಿಳಿಸುವ ಬ್ಯಾಡ್ಜ್ ಧರಿಸಬೇಕು. ಫಾರ್ಮಸಿಸ್ಟ್‌ಗೆ ಒಂದು ಚಿಹ್ನೆ, ಸಹಾಯಕರಿಗೆ ಇನ್ನೊಂದು. ಒಳಗೆ ಹೋದವರಿಗೆ ಯಾರನ್ನು ಏನು ಕೇಳಬೇಕೆಂದು ತಿಳಿಯುತ್ತದೆ. ನಮ್ಮ ನಗರಗಳ ಕೆಲವು ದೊಡ್ಡ ಸರಣಿ ಅಂಗಡಿಗಳಲ್ಲಿ ಕಂಪನಿ ಬಣ್ಣದ ಟೀ ಶರ್ಟ್ ಕೊಡುತ್ತಾರೆ. ನೋಡಲು ಚೆಂದ, ಶಿಸ್ತೂ ಹೌದು. ಆದರೆ ಬಿಲ್ ಮಾಡುವವರು, ಡೆಲಿವರಿ ಹುಡುಗ, ಫಾರ್ಮಸಿಸ್ಟ್ ಎಲ್ಲರೂ ಒಂದೇ ಬಣ್ಣದಲ್ಲಿದ್ದರೆ ಫಾರ್ಮಸಿಸ್ಟ್ ಯಾರೆಂಬ ಪ್ರಶ್ನೆ ಅಲ್ಲೂ ಹಾಗೇ ಉಳಿಯುತ್ತದೆ. ಬಟ್ಟೆ ಚೊಕ್ಕಟವಾಗಿರಬೇಕು, ಫಾರ್ಮಸಿಸ್ಟ್ ಯಾರೆಂದು ಗುರುತು ಸಿಗಬೇಕು. ನನಗೆ ಮುಖ್ಯ ಅನ್ನಿಸುವುದು ಈ ಎರಡು. ನಿಯಮದಲ್ಲಿ ಬಿಳಿ ಎಂದಿರುವವರೆಗೆ ಬಿಳಿಯೇ ಇರಲಿ.

ಹೊಸದಾಗಿ ಸೇರುವವರಿಗೆ

ಕಾಲೇಜಿನ ಕಲೆ ಹತ್ತಿದ ಏಪ್ರನ್ ಅಂಗಡಿಗೆ ಒಯ್ಯಬೇಡಿ. ಅರ್ಧ ತೋಳಿನ, ಹತ್ತಿ ಹೆಚ್ಚಿರುವ ಬಟ್ಟೆಯ ಮೂರು ಏಪ್ರನ್ ಹೊಲಿಸಿಕೊಳ್ಳಿ. ಮೊಣಕಾಲಿಗಿಂತ ಸ್ವಲ್ಪ ಮೇಲೆ ನಿಂತರೆ ಏಣಿ ಹತ್ತಲು ಸಲೀಸು. ಬಸ್ಸಿನಲ್ಲಿ ಚೀಲದೊಳಗಿರಲಿ, ಅಂಗಡಿಗೆ ಬಂದ ಮೇಲೆ ತೊಡಿ. ಮನೆಯಲ್ಲಿ ಬೇರೆ ಬಟ್ಟೆಯ ಜೊತೆ ನೆನೆಸಬೇಡಿ. ಉಗುರು ಕತ್ತರಿಸಿರಲಿ, ಕೂದಲು ಕಟ್ಟಿರಲಿ, ಮಾತ್ರೆ ಎಣಿಸುವ ಕೈಯಲ್ಲಿ ಜೋಲಾಡುವ ಬ್ರೇಸ್‌ಲೆಟ್ ಬೇಡ. ಚಪ್ಪಲಿಯ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಇದು ನಿಲ್ಲುವ ಕೆಲಸ, ಸಂಜೆ ಹಿಮ್ಮಡಿ ಹೇಳುತ್ತದೆ. ಕೈಜಾರಿ ಬಿದ್ದ ಸಿರಪ್ ಬಾಟಲಿಯ ಗಾಜಿನಿಂದ ಕಾಪಾಡಲು ಬೆರಳು ಮುಚ್ಚುವ ಪಾದರಕ್ಷೆಯೇ ಒಳ್ಳೆಯದು. ಬ್ಯಾಡ್ಜನ್ನು ಕನ್ನಡದಲ್ಲಿ ಬರೆಸಿ. ನಮ್ಮ ಗ್ರಾಹಕರು ಓದುವುದು ಅದನ್ನೇ.

ಇಂಟರ್‌ವ್ಯೂಗೆ ಹೋದಾಗ ಸಂಬಳದ ಜೊತೆ ಇನ್ನೆರಡು ಪ್ರಶ್ನೆ ಕೇಳಿ. ನಾನು ಇಲ್ಲದ ಹೊತ್ತಿನಲ್ಲಿ ಚೀಟಿಗೆ ಔಷಧ ಯಾರು ಕೊಡುತ್ತಾರೆ? ನಾನು ಕೆಲಸ ಬಿಟ್ಟ ದಿನ ಗೋಡೆಯಿಂದ ನನ್ನ ಪ್ರಮಾಣಪತ್ರ ಇಳಿಸಿ ಕೊಡುತ್ತೀರಾ? ಉತ್ತರ ಬರುವ ರೀತಿಯಲ್ಲೇ ಆ ಅಂಗಡಿಗೆ ಬೇಕಿರುವುದು ನೀವೋ ನಿಮ್ಮ ಕಾಗದವೋ ತಿಳಿದುಬಿಡುತ್ತದೆ.

ಫಾರ್ಮಸಿ ಓದದ ಗೆಳೆಯ ಗೆಳತಿಯರಿಗೂ ಒಂದು ಕೋರಿಕೆ. ಮುಂದಿನ ಸಲ ಅಪ್ಪನ ಶುಗರ್ ಮಾತ್ರೆಗೋ ನಿಮ್ಮ ತಲೆನೋವಿನ ಮಾತ್ರೆಗೋ ಮೆಡಿಕಲ್ ಶಾಪಿಗೆ ಹೋದಾಗ ಕವರ್ ತೆಗೆದುಕೊಂಡು ಓಡಬೇಡಿ. "ಇಲ್ಲಿ ಫಾರ್ಮಸಿಸ್ಟ್ ಯಾರು?" ಅಂತ ಜೋರಾಗಿಯೇ ಕೇಳಿ. ಕೇಳುವವರು ಹೆಚ್ಚಾದರೆ ಉತ್ತರ ಕೊಡಬಲ್ಲವರನ್ನು ಅಂಗಡಿಯವರು ಕೆಲಸಕ್ಕೆ ಇಟ್ಟುಕೊಳ್ಳಲೇಬೇಕಾಗುತ್ತದೆ.